‘ಎನಿ ಕ್ವೆಶ್ಚನ್ಸ್?’ ಅಂದಾಗ ಹಾಲ್ ಯಾಕೆ ಸುಮ್ಮನಾಗುತ್ತೆ?

ಸೆಮಿಸ್ಟರ್ ಶುರುವಾಯ್ತು, ಅದರ ಹಿಂದೆಯೇ ಸೆಮಿನಾರ್‌ಗಳ ಸಾಲೂ ಶುರುವಾಯ್ತು. ಡಿಪಾರ್ಟ್‌ಮೆಂಟ್ ನೋಟಿಸ್ ಬೋರ್ಡಿನಲ್ಲಿ ಈಗ ಪಿನ್ ಚುಚ್ಚಲೂ ಜಾಗ ಇಲ್ಲ. ಮಷಿನ್ ಲರ್ನಿಂಗ್ ಬಗ್ಗೆ ಎರಡು ದಿನದ ವರ್ಕ್‌ಶಾಪ್, ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಬಗ್ಗೆ ಗೆಸ್ಟ್ ಲೆಕ್ಚರ್, ಸೈಬರ್ ಸೆಕ್ಯುರಿಟಿ ಸೆಮಿನಾರ್, ಒಂದು ಹ್ಯಾಕಥಾನ್. ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ. ನವೆಂಬರ್‌ನಲ್ಲಿ ರಾಜ್ಯೋತ್ಸವ. ಇಷ್ಟೊಂದು ಕಾರ್ಯಕ್ರಮ ಇರೋದು ಒಳ್ಳೇದೇ. ನಮ್ಮ ತಕರಾರು ಕಾರ್ಯಕ್ರಮಗಳ ಬಗ್ಗೆ ಅಲ್ಲ, ಅವುಗಳ ಕೊನೆಯ ಹತ್ತು ನಿಮಿಷದ ಬಗ್ಗೆ.

ಆ ಹತ್ತು ನಿಮಿಷ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಭಾಷಣ ಮುಗಿಯುತ್ತೆ, ‘ಎನಿ ಕ್ವೆಶ್ಚನ್ಸ್?’ ಅಂತ ಕೇಳ್ತಾರೆ, ಇಡೀ ಹಾಲ್ ಗಪ್‌ಚುಪ್. ಮುಂದಿನ ಸಾಲಿನಿಂದ ಯಾವಾಗಲೂ ಕೈ ಎತ್ತುವ ಅದೇ ಇಬ್ಬರು ಕೈ ಎತ್ತುತ್ತಾರೆ. ಆಮೇಲೆ ಹೂಗುಚ್ಛ, ಗ್ರೂಪ್ ಫೋಟೋ, ವಂದನಾರ್ಪಣೆ. ‘ಈಗಿನ ಹುಡುಗರಿಗೆ ಕುತೂಹಲವೇ ಇಲ್ಲ’ ಅಂತ ಹಿಂದಿನ ಸಾಲಿನ ಸರ್ ಒಬ್ಬರು ಗೊಣಗ್ತಾರೆ.

ಕುತೂಹಲ ಇಲ್ಲ ಅನ್ನೋದನ್ನ ನಾವು ಒಪ್ಪಲ್ಲ. ಅದೇ ಹುಡುಗರು ಹದಿನೈದು ನಿಮಿಷ ಬಿಟ್ಟು ಕ್ಯಾಂಟೀನ್‌ನಲ್ಲಿ ಏನು ಮಾತಾಡ್ತಾರೆ ಅಂತ ಒಮ್ಮೆ ಕೇಳಿ. ‘ರಾಯಚೂರು ಬಿಸಿಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ದಿನಾ ನಿಲ್ಲಿಸಿದ್ರೆ ಬ್ಯಾಟರಿ ಎಷ್ಟು ವರ್ಷ ಬಾಳುತ್ತೆ?’ ‘ನಮ್ಮೂರಲ್ಲಿ ವೋಲ್ಟೇಜ್ ಕಮ್ಮಿ ಬಂದಾಗಲೇ ಬೋರ್‌ವೆಲ್ ಮೋಟರ್ ಸುಡೋದು ಯಾಕೆ? ಕರೆಂಟ್ ಕಮ್ಮಿ ಇದ್ರೆ ಬಿಸಿನೂ ಕಮ್ಮಿ ಆಗ್ಬೇಕಲ್ವಾ?’ ಇವು ಸಣ್ಣ ಪ್ರಶ್ನೆಗಳಲ್ಲ. ಹಾಲ್‌ನಲ್ಲಿ ಕೇಳಿದ್ದರೆ ಭಾಷಣಕಾರರೇ ಖುಷಿಪಡ್ತಿದ್ದರು. ಪ್ರಶ್ನೆ ಇದೆ, ಕೇಳೋಕೆ ಭಾಷೆ ಅಡ್ಡ ಬರುತ್ತೆ, ಅಷ್ಟೇ.

ಆ ಮೋಟರ್ ಪ್ರಶ್ನೆಯನ್ನೇ ತಗೊಳ್ಳಿ. ಪಂಪ್ ಎತ್ತಬೇಕಾದ ನೀರಿನ ಭಾರ ವೋಲ್ಟೇಜ್ ಇಳಿದ ತಕ್ಷಣ ಅಷ್ಟೇ ಇಳಿಯಲ್ಲ. ಆದರೆ ಇಂಡಕ್ಷನ್ ಮೋಟರಿನ ಟಾರ್ಕ್, ಸ್ಲಿಪ್ ಅಷ್ಟೇ ಇದ್ದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. ವೋಲ್ಟೇಜ್ 10% ಕಮ್ಮಿ ಆದರೆ ಟಾರ್ಕ್ ಸುಮಾರು 19% ಕಮ್ಮಿ. ಭಾರ ಎಳೆಯೋಕೆ ಮೋಟರ್ ನಿಧಾನ ಆಗುತ್ತೆ, ಸ್ಲಿಪ್ ಜಾಸ್ತಿ ಆಗುತ್ತೆ, ಲೈನ್‌ನಿಂದ ಹೆಚ್ಚು ಕರೆಂಟ್ ಎಳೆಯುತ್ತೆ. ವೈಂಡಿಂಗ್ ಬಿಸಿಯಾಗೋದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಮೋಟರ್ ಸುಡುತ್ತೆ. ನಾಲ್ಕನೇ ಸೆಮಿಸ್ಟರ್ ಪುಸ್ತಕದ ಒಂದು ಅಧ್ಯಾಯವೇ ಈ ಪ್ರಶ್ನೆಯೊಳಗೆ ಇದೆ. ಮೋಟರ್ ಸುಟ್ಟು, ಪಟ್ಟಣಕ್ಕೆ ಒಯ್ದು ವೈಂಡಿಂಗ್ ಮಾಡಿಸಿ ತಂದ ಮನೆಯಿಂದ ಬಂದವರಿಗೆ ಇದು ಮಾರ್ಕ್ಸ್ ಪ್ರಶ್ನೆ ಅಲ್ಲ, ಮನೆ ಖರ್ಚಿನ ಪ್ರಶ್ನೆ. ಮತ್ತೆ, ಇದನ್ನ ಈಗ ಕನ್ನಡದಲ್ಲೇ ಹೇಳಿದೆವು. ವೋಲ್ಟೇಜ್ ವೋಲ್ಟೇಜೇ ಇತ್ತು, ಟಾರ್ಕ್ ಟಾರ್ಕೇ ಇತ್ತು. ಯಾರೂ ನಿಘಂಟು ತೆರೀಬೇಕಾಗಲಿಲ್ಲ.

ನಮ್ಮ ಕ್ಲಾಸಿನಲ್ಲಿ ಯಾರಿದ್ದಾರೆ ಅನ್ನೋದನ್ನೂ ನೋಡಬೇಕು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿ ಇದೆ. ಒಂದರಿಂದ ಹತ್ತನೇ ಕ್ಲಾಸ್ ತನಕ ಕನ್ನಡದಲ್ಲಿ ಓದಿದ್ದಕ್ಕೇ ಸರ್ಕಾರ ಒಬ್ಬರಿಗೆ ಇಂಜಿನಿಯರಿಂಗ್ ಸೀಟು ಕೊಡುತ್ತೆ. ಅವರು ಕ್ಯಾಂಪಸ್ ಒಳಗೆ ಬಂದ ದಿನದಿಂದ, ಮೈಕ್ ಮುಂದೆ ಅದೇ ಭಾಷೆಗೆ ಜಾಗ ಇಲ್ಲ. ಗೇಟಿನಲ್ಲಿ ಸ್ವಾಗತ ಮಾಡಿ ಒಳಗೆ ಕುರ್ಚಿ ಹಾಕದೇ ಇದ್ದ ಹಾಗೆ ಇದು.

ನಾವು ಇಂಗ್ಲಿಷ್ ಮೀಡಿಯಂ ಬ್ಯಾಚಿನವರು. ‘ನಿಮಗೇನಪ್ಪ ಕಷ್ಟ?’ ಅಂತ ಕೇಳಬಹುದು. ಇದರಲ್ಲಿ ನಮ್ಮ ಲಾಭವೂ ಇದೆ. ಇಂಗ್ಲಿಷ್ ಪದಗಳು ನಮ್ಮ ಬಾಯಿಗೆ ಸಲೀಸಾಗಿ ಬರ್ತಾವೆ. ಹಾಗಂತ ವಿಷಯ ತಲೆಗೆ ಹೋಗಿದೆ ಅಂತ ಗ್ಯಾರಂಟಿ ಇಲ್ಲ. ‘ಎಂಟ್ರೊಪಿ ಈಸ್ ಎ ಮೆಷರ್ ಆಫ್ ಡಿಸಾರ್ಡರ್’ ಅಂತ ಯಾರು ಬೇಕಾದರೂ ಬಾಯಿಪಾಠ ಹೇಳಬಹುದು. ಅದನ್ನೇ ಅಜ್ಜಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳಿ ಅಂದ್ರೆ, ಗೊತ್ತಿರೋದು ಎಷ್ಟು, ಬರೀ ಪದ ಎಷ್ಟು ಅಂತ ಐದು ನಿಮಿಷದಲ್ಲಿ ಬಯಲಾಗುತ್ತೆ. ಬಾಯಿಪಾಠ ಕನ್ನಡಕ್ಕೆ ತರ್ಜುಮೆ ಆಗಲ್ಲ, ಅರ್ಥ ಆಗುತ್ತೆ.

ಇನ್ನೊಂದು ಕಾರಣ ಇದೆ, ಅದು ಶುದ್ಧ ಇಂಜಿನಿಯರಿಂಗ್ ಕಾರಣ. ‘ಕನ್ನಡ’ ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಕನ್ನಡ ಮೇಡಂ ಕೇಳಿದ್ರೆ ಮೂರು. ಪೈಥಾನ್‌ನಲ್ಲಿ ಉದ್ದ ಕೇಳಿದ್ರೆ ಐದು, ಯಾಕಂದ್ರೆ ‘ನ್ನ’ ಅನ್ನೋ ಒತ್ತಕ್ಷರ ಯುನಿಕೋಡ್‌ನಲ್ಲಿ ನ, ವಿರಾಮ ಚಿಹ್ನೆ, ಮತ್ತೆ ನ. ಸಿ ಭಾಷೆಯ ಸ್ಟ್ರಿಂಗ್ ಲೆಂಗ್ತ್ ಫಂಕ್ಷನ್ ಕೇಳಿದ್ರೆ ಹದಿನೈದು, ಯಾಕಂದ್ರೆ ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒಂದೇ ಪದ, ಮೂರು ಉತ್ತರ, ಮೂರೂ ಸರಿ. ಕನ್ನಡದಲ್ಲಿ ಸರಿಯಾಗಿ ಹುಡುಕುವ, ಓದಿ ಹೇಳುವ, ಮಾತು ಕೇಳಿ ಬರೆಯುವ ಸಾಫ್ಟ್‌ವೇರ್ ಮಾಡೋರು ಈ ಮೂರನ್ನೂ ತಿಳಿದಿರಬೇಕು. ನುಡಿಯಲ್ಲಿ ನಾವು ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಆ ಕೆಲಸ ಇನ್ನೂ ಮುಗಿದಿಲ್ಲ, ಮುಂದುವರಿಸೋರು ನಮ್ಮಂಥ ಕ್ಯಾಂಪಸ್‌ಗಳಿಂದಲೇ ಬರಬೇಕು. ಇದರ ಬಗ್ಗೆ ಒಂದು ಸೆಮಿನಾರ್ ಈ ಸೆಮಿಸ್ಟರ್ ಪಟ್ಟಿಯಲ್ಲಿ ಎಲ್ಲಿದೆ ತೋರಿಸಿ ನೋಡೋಣ.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು ಪ್ಲೇಸ್‌ಮೆಂಟ್. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲೇ ಇರುತ್ತೆ, ನಿಜ. ಇಂಗ್ಲಿಷ್ ಬೇಡ ಅಂತ ನಾವು ಹೇಳ್ತಾನೂ ಇಲ್ಲ. 2021-22ರಿಂದ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಎಐಸಿಟಿಇ ಅನುಮತಿ ಕೊಟ್ಟಿದೆ, ಅದು ಬೇರೆ ದೊಡ್ಡ ಚರ್ಚೆ. ನಾವು ಕೇಳ್ತಿರೋದು ಹತ್ತು ನಿಮಿಷ ಮಾತ್ರ. ಅರ್ಥ ಆಗದ ವಿಷಯವನ್ನ ಇಂಟರ್‌ವ್ಯೂನಲ್ಲಿ ಯಾವ ಭಾಷೆಯಲ್ಲೂ ಹೇಳೋಕಾಗಲ್ಲ.

ಎರಡನೆಯದು, ಹೊರರಾಜ್ಯದ ಗೆಳೆಯರ ಕಥೆ ಏನು? ಇದು ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನ ನಿರೂಪಕರು ಒಂದು ಸಾಲಿನಲ್ಲಿ ಇಂಗ್ಲಿಷ್‌ಗೆ ತಂದು ಹೇಳಿದರೆ ಯಾರೂ ಹೊರಗುಳಿಯಲ್ಲ. ಅಲ್ಲದೆ ವಿಟಿಯು ಸಿಲಬಸ್‌ನಲ್ಲಿ ಅವರಿಗೆ ‘ಬಳಕೆ ಕನ್ನಡ’ ಇದೆ. ಹೆಸರೇ ಬಳಕೆ. ಬಳಸೋಕೆ ಜಾಗ ಎಲ್ಲಿ ಕೊಟ್ಟಿದ್ದೀವಿ?

ಮೂರನೆಯದು, ಭಾಷಣಕಾರರಿಗೆ ಕನ್ನಡ ಬರಬೇಕಲ್ಲ? ಬರದಿದ್ದರೆ ಮೇಲೆ ಹೇಳಿದ ಒಂದು ಸಾಲಿನ ಅನುವಾದ ಸಾಕು. ಆದರೆ ಬರೋರು ಎಷ್ಟೋ ಜನ ನಮ್ಮದೇ ಹಳೆಯ ವಿದ್ಯಾರ್ಥಿಗಳು. ಹಾಲ್ ಹೊರಗೆ ‘ಊಟ ಆಯ್ತಾ, ಯಾವೂರು ನಿಮ್ದು’ ಅಂತ ಮಾತಾಡಿಸಿದವರು ಮೈಕ್ ಹಿಡಿದ ತಕ್ಷಣ ಬೇರೆಯವರಾಗ್ತಾರೆ. ಕನ್ನಡದಲ್ಲಿ ಉತ್ತರಿಸಿ ಸರ್ ಅಂತ ನಾವು ಮೊದಲೇ ಕೇಳಿಕೊಂಡರೆ ಬೇಡ ಅನ್ನಲ್ಲ ಅಂತಲೇ ನಮ್ಮ ನಂಬಿಕೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಬಜೆಟ್ ಬೇಡ, ಪ್ರಿನ್ಸಿಪಾಲರ ಸರ್ಕ್ಯುಲರ್ ಕೂಡ ಬೇಡ. ಪೋಸ್ಟರಿನಲ್ಲಿ ‘ಈ ಭಾಷಣ ಯಾವುದರ ಬಗ್ಗೆ’ ಅಂತ ಎರಡು ಸಾಲು ಕನ್ನಡದಲ್ಲಿ ಇರಲಿ. ‘ಎನಿ ಕ್ವೆಶ್ಚನ್ಸ್?’ ಆದ ಮೇಲೆ ನಿರೂಪಕರು ‘ಕನ್ನಡದಲ್ಲೂ ಕೇಳಬಹುದು’ ಅಂತ ಬಾಯಿ ಬಿಟ್ಟು ಹೇಳಲಿ, ಹೇಳದೇ ಇದ್ದರೆ ಯಾರೂ ಧೈರ್ಯ ಮಾಡಲ್ಲ. ಎದ್ದು ನಿಲ್ಲೋಕೆ ಸಂಕೋಚ ಇರೋರಿಗೆ ಚೀಟಿ ಕೊಡಿ, ಬರೆದು ಕಳಿಸ್ತಾರೆ. ಕೊನೆಯದಾಗಿ, ತಿಂಗಳಿಗೊಂದು ಸಂಜೆ ವಿದ್ಯಾರ್ಥಿಗಳೇ ಕನ್ನಡದಲ್ಲಿ ಒಂದು ತಾಂತ್ರಿಕ ವಿಷಯ ಹೇಳಲಿ. ಇಪ್ಪತ್ತು ನಿಮಿಷ, ಒಂದು ಬೋರ್ಡು, ಒಂದು ಚಾಕ್‌ಪೀಸ್ ಸಾಕು.

ಈ ಕೊನೆಯ ಕೆಲಸ ನಮ್ಮ ಸಂಘದ್ದೇ. ಕನ್ನಡ ಸಂಘ ಅಂದ್ರೆ ನವೆಂಬರ್‌ನಲ್ಲಿ ಬಾವುಟ, ಡೊಳ್ಳು ಕುಣಿತ, ಭಾವಗೀತೆ ಅಂತ ಕ್ಯಾಂಪಸ್ ಅಂದುಕೊಂಡಿದೆ. ಅವೆಲ್ಲ ಇರಲಿ, ನಮಗೂ ಇಷ್ಟ. ಆದರೆ ಹಾಡೋಕೆ ಮಾತ್ರ ಕನ್ನಡ, ಯೋಚಿಸೋಕೆ ಬೇರೆ ಭಾಷೆ ಅಂತ ನಾವೇ ಒಪ್ಪಿಕೊಂಡಂತೆ ಆಗಬಾರದು. ನಾವು ಯಾರ ಹುಟ್ಟಿದ ದಿನವನ್ನ ಇಂಜಿನಿಯರ್ಸ್ ಡೇ ಅಂತ ಆಚರಿಸ್ತೀವೋ ಆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗಲೇ, 1915ರಲ್ಲಿ, ಅವರ ಬೆಂಬಲದಿಂದ ಕನ್ನಡ ಸಾಹಿತ್ಯ ಪರಿಷತ್ತು ಶುರುವಾಗಿದ್ದು. ಕನ್ನಂಬಾಡಿ ಕಟ್ಟೆಯ ಕೆಲಸ ನಡೀತಿದ್ದದ್ದೂ ಅದೇ ವರ್ಷಗಳಲ್ಲಿ. ಅಣೆಕಟ್ಟು ಒಂದು ಕಡೆ, ಭಾಷೆ ಇನ್ನೊಂದು ಕಡೆ ಅಂತ ಅವರೇನೂ ಭಾಗ ಮಾಡಿಕೊಂಡಿರಲಿಲ್ಲ.

ಹಾಗಾಗಿ ನವೆಂಬರ್ ತನಕ ಕಾಯೋದು ಬೇಡ, ಇಂಜಿನಿಯರ್ಸ್ ಡೇ ಭಾಷಣದಿಂದಲೇ ಶುರು ಮಾಡೋಣ. ನಿರೂಪಣೆ ಮಾಡೋರು ಯಾರು ಅಂತ ಗೊತ್ತಿದ್ದರೆ ಇವತ್ತೇ ಅವರಿಗೆ ಹೇಳಿ. ನಿಮ್ಮ ಪ್ರಶ್ನೆ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಬೇಕಾದರೆ ಸಂಘದವರ ಕೈಗೆ ಕೊಡಿ, ನಾವು ಎದ್ದು ನಿಂತು ಕೇಳ್ತೀವಿ. ತಿಂಗಳ ಮೊದಲ ಮಾತಿಗೆ ಇಂಡಕ್ಷನ್ ಮೋಟರ್ ವಿಷಯ ಆಗಬಹುದು. ಟ್ರಿಪಲ್ ಇ ಹುಡುಗರೇ, ಹುಡುಗಿಯರೇ, ಯಾರು ಬರ್ತೀರಿ?