‘ಸಸ್ಯಾಹಾರಿ’ ರಕ್ತಪಿಶಾಚಿಗಳ ಪ್ರೇಮಕತೆ

‘ಬರೀ ಲವ್ ಸ್ಟೋರಿ ಸರ್, ಅದರಲ್ಲೂ ಜಾತಿ ಹುಡುಕ್ತೀರಾ?’ ಅನ್ನೋರಿಗೆ ಈ ಪೋಸ್ಟ್.

ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಬಂತು. ನಾಯಕ ಎಡ್ವರ್ಡ್ ರಕ್ತಪಿಶಾಚಿ. ಬಿಳಿಯ, ಶ್ರೀಮಂತ. ಮನುಷ್ಯರನ್ನು ಬಿಟ್ಟು ಪ್ರಾಣಿಗಳ ರಕ್ತ ಕುಡಿಯೋ ಅವನ ಮನೆಯವರು ತಮ್ಮನ್ನು ‘ಸಸ್ಯಾಹಾರಿಗಳು’ ಅಂತ ಕರ್ಕೊಳ್ತಾರೆ! ನಾಯಕಿ ಬೆಲ್ಲಾಳನ್ನು ಪ್ರೀತಿಸೋ ಇನ್ನೊಬ್ಬ ಜೇಕಬ್, ಕ್ವಿಲ್ಯೂಟ್ ಬುಡಕಟ್ಟಿನ ಹುಡುಗ. ಕ್ವಿಲ್ಯೂಟರು ನಿಜವಾದ ಜನ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾ ಪುಶ್‌ನಲ್ಲಿ ಇವತ್ತಿಗೂ ಇದ್ದಾರೆ. ಕಾದಂಬರಿ ಅವರ ಹುಡುಗರನ್ನು ತೋಳ ಮಾಡಿತು. ರಕ್ತ ಕುಡಿಯೋರಿಗೆ ಇವರ ವಾಸನೆ ಆಗಲ್ಲ, ‘ನಾಯಿ’ ಅಂತಾರೆ. ನಮಗಿದು ಹೊಸದಾ?

ಈಗ ವಿಧಿ ನೋಡಿ. ಎಡ್ವರ್ಡ್ ತನ್ನ ಹಸಿವನ್ನು ತಡೆದುಕೊಂಡರೆ ಅದು ಸಂಯಮ. ಬುಡಕಟ್ಟಿನ ಹುಡುಗರಿಗೆ ಮಾತ್ರ ‘ಇಂಪ್ರಿಂಟಿಂಗ್’: ಒಬ್ಬಳನ್ನು ನೋಡಿದ ಕ್ಷಣವೇ ಮನಸ್ಸು ಕಟ್ಟುಬೀಳುತ್ತೆ, ಆಯ್ಕೆ ಇಲ್ಲ. ಹಾಗೇ ಸ್ಯಾಮ್ ಲೇಯಾಳನ್ನು ಬಿಟ್ಟು ಅವಳ ಸಂಬಂಧಿ ಎಮಿಲಿ ಹಿಂದೆ ಹೋಗ್ತಾನೆ. ಸಿಟ್ಟು ತಡೆಯಲಾರದೆ ಎಮಿಲಿ ಮುಖವನ್ನೇ ಸೀಳ್ತಾನೆ. ಅದೂ ಪ್ರೇಮವಂತೆ. ಜೇಕಬ್‌ಗಂತೂ ಆಗತಾನೆ ಹುಟ್ಟಿದ ಕೂಸಿನ ಜೊತೆ ಗಂಟು ಹಾಕಿದ್ದಾರೆ!

ಹುಟ್ಟು ನೋಡಿ ಒಬ್ಬರಿಗೆ ವಿವೇಕ, ಇನ್ನೊಬ್ಬರಿಗೆ ವಿಧಿ. ಇದನ್ನೇ ನಮಗೆ ಕರ್ಮ ಅಂತ ಹೇಳಿಕೊಟ್ಟಿದ್ದು. ‘ಯಾರಿಗೆ ಯಾರು ಅಂತ ಬ್ರಹ್ಮ ಬರೆದಿದ್ದಾನೆ’ ಅಂತಾರೆ, ಆದರೆ ಆ ಬರಹ ಯಾವಾಗಲೂ ಜಾತಿಯೊಳಗೇ ನಿಲ್ಲುತ್ತೆ, ಅದು ಹೇಗೆ? ಜಾತಿ ಉಳಿದಿರೋದೇ ಒಳಗೊಳಗಿನ ಮದುವೆಯಿಂದ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ತೋರಿಸಿದ್ರು.

ಮಕ್ಕಳೇ, ಓದಿ, ಬೇಡ ಅನ್ನಲ್ಲ. ‘ವಿಧಿ’ ಅಂತ ಬಂದಾಗೆಲ್ಲ ಪೆನ್ನು ಯಾರ ಕೈಲಿದೆ ಅಂತ ಕೇಳಿ.

ಜೈ ಭೀಮ್.