ಬಚ್ಚಲೊಲೆಯೂ ಒಂದು ಮಾರುಕಟ್ಟೆ

ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಕಡೂರು ತಾಲ್ಲೂಕಿನ ತೆಂಗಿನ ಸೀಮೆಗೆ ಸೇರಿದುದು. ಇಂತಹ ಸೀಮೆಯಲ್ಲಿ ಅಡುಗೆಮನೆಗೆ ಅನಿಲ ಬಂದ ಮಾತ್ರಕ್ಕೆ ಬಚ್ಚಲಿನ ಹಂಡೆಯೊಲೆ ಆರುವುದಿಲ್ಲ. 2016ರ ಉಜ್ವಲಾ ಯೋಜನೆಯಿಂದ ಅನಿಲ ಸಂಪರ್ಕಗಳು ಹೆಚ್ಚಿದುದು ನಿಜ. ಆದರೆ 14.2 ಕಿಲೋ ಅನಿಲದ ಸಿಲಿಂಡರನ್ನು ಸ್ನಾನದ ನೀರಿಗೆ ವ್ಯಯಿಸಲು ಯಾವ ಗೃಹಿಣಿಯೂ ಸುಲಭವಾಗಿ ಒಪ್ಪಳು. ತೋಟದಲ್ಲಿ ಸೋಗೆ, ಮಟ್ಟೆ ಬಿದ್ದಿರುವಾಗ ಒಪ್ಪಬೇಕಾದ ಕಾರಣವೂ ಇಲ್ಲ. ಹೀಗಿರುವಾಗ ಒಲೆಯನ್ನು ಹಳೆಯ ಕಾಲದ ವಸ್ತುವೆಂದು ವರ್ತಕರು ಲೆಕ್ಕದಿಂದ ಕೈಬಿಡುವುದು ವ್ಯಾಪಾರದ ದೃಷ್ಟಿಯಿಂದಲೇ ಸರಿಯಲ್ಲ.

ಒಲೆಯ ಸುಧಾರಣೆಗೆ ಕರ್ನಾಟಕವೇ ದಾರಿ ತೋರಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ರೂಪಿಸಿತು. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಅದು 2002ರಲ್ಲಿ ನಿಂತಿತು. ಕಟ್ಟಿದ ಒಲೆಗಳ ಲೆಕ್ಕಕ್ಕೆ ಸಿಕ್ಕ ಮಹತ್ವ ಅವುಗಳ ದುರಸ್ತಿಗೆ ಸಿಗಲಿಲ್ಲ.

ಒಲೆ ಕೆಡುವ ಬಗೆ ಸರಳವಾದುದು. ಹೊಗೆಕೊಳವೆಯಲ್ಲಿ ಮಸಿ ಕಟ್ಟಿದರೆ ಗಾಳಿಯ ಸೆಳೆತ ಕುಗ್ಗಿ ಹೊಗೆ ಒಳಗೇ ತಿರುಗುತ್ತದೆ. ಕೊಳವೆಯ ಟೋಪಿ ಹಾರಿಹೋದರೆ ಮಳೆನೀರು ಇಳಿದು ಮಣ್ಣಿನ ಗೋಡೆ ಕರಗುತ್ತದೆ. ಬೂದಿ ತೆಗೆಯದಿದ್ದರೆ ಕೆಳಗಿನಿಂದ ಗಾಳಿ ಸಿಗದೆ ಜಾಲರಿ ಸೀದು ಬಾಗುತ್ತದೆ. ಬಾಗಿದ ಜಾಲರಿಗೆ ಬದಲಿ ದೊರೆಯದಾಗ ಮನೆಯವರು ಅದನ್ನು ಕಿತ್ತೆಸೆದು, ಉದ್ದದ ಕೊರಡು ಹಿಡಿಯುವಂತೆ ಒಲೆಯ ಬಾಯಿಯನ್ನೂ ಒಡೆದು ಅಗಲಿಸುತ್ತಾರೆ. ಅಲ್ಲಿಗೆ ಸುಧಾರಿತ ಒಲೆ ಮತ್ತೆ ಅಜ್ಜಿಯ ಕಾಲದ ಒಲೆಯಾಯಿತು! ದೋಷವನ್ನು ಗೃಹಿಣಿಯ ತಲೆಗೆ ಕಟ್ಟುವುದು ವಾಡಿಕೆ. ಪಂಪ್‌ಸೆಟ್ಟಿಗೆ ವಾಷರ್ ಮಾರುವ ಅಂಗಡಿಯಲ್ಲಿ ಒಲೆಗೆ ಜಾಲರಿ ಏಕಿರಬಾರದೆಂದು ಕೇಳುವವರು ವಿರಳ.

ಉರುವಲು ಪುಕ್ಕಟೆ ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. ತೆಂಗಿನ ಸಿಪ್ಪೆಯನ್ನು ನಾರಿನ ಘಟಕಗಳೂ ಚಿಪ್ಪನ್ನು ಇದ್ದಿಲಿನ ಉದ್ಯಮವೂ ಕೊಳ್ಳುತ್ತವೆ. ಒಲೆಯಲ್ಲಿ ಉಳಿದ ಪ್ರತಿಯೊಂದು ಮೂಟೆ ಚಿಪ್ಪಿಗೂ ಬೆಲೆಯುಂಟು. ದುರಸ್ತಿಗೆ ತಗಲುವ ವೆಚ್ಚವನ್ನು ಈ ಲೆಕ್ಕದೊಡನೆ ತೂಗಿ ತೋರಿಸಬಲ್ಲ ವರ್ತಕನಿಗೆ ಗಿರಾಕಿಗಳ ಕೊರತೆಯಾಗದು.

ಬೇಕಾಗಿರುವ ಬಂಡವಾಳವೂ ದೊಡ್ಡದಲ್ಲ. ಎರಕದ ಜಾಲರಿ ಶಿವಮೊಗ್ಗೆಯ ಫೌಂಡ್ರಿಗಳಿಗೆ ಕಠಿಣವಾದ ಕೆಲಸವೇನಲ್ಲ. ಕೊಳವೆ, ಟೋಪಿ, ಬೂದಿಯ ತಟ್ಟೆಗಳನ್ನು ಕಡೂರು, ಬೀರೂರುಗಳ ತಗಡಿನ ಕೆಲಸಗಾರರೇ ಮಾಡಿಕೊಡಬಲ್ಲರು. ಹಿಂದೆ ಬಳಸುತ್ತಿದ್ದ ಕಲ್ನಾರು ಸಿಮೆಂಟಿನ ಕೊಳವೆಯನ್ನು ಮಾತ್ರ ಮತ್ತೆ ತರಬಾರದು. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಅಳತೆಯ ಪ್ರಶ್ನೆಯೊಂದು ಉಳಿಯುತ್ತದೆ. ಒಬ್ಬ ಗಾರೆಯವನ ಒಲೆಗೆ ಮತ್ತೊಬ್ಬನ ಕೊಳವೆ ಹೊಂದದಿದ್ದರೆ ಅಂಗಡಿಯವನು ಸರಕು ಇಡುವುದಾದರೂ ಹೇಗೆ? ವಾಣಿಜ್ಯ ಸಂಘಗಳು ಗಾರೆಯವರನ್ನೂ ಎರಕದವರನ್ನೂ ಒಂದೆಡೆ ಕೂರಿಸಿ, ಹಂಡೆಯೊಲೆಯ ಜಾಲರಿಗೂ ಕೊಳವೆಗೂ ಒಂದೇ ಅಳತೆಯನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಗೊತ್ತುಪಡಿಸಲಿ.