18 ತುಂಬಿದ ಮೇಲೆ ಎಲ್ಲಿ ಇರ್ತಿ? ಬಾಲಮಂದಿರದಿಂದ ಹೊರಬರುವವರಿಗೆ ಬರೀ ರೂಮು ಸಾಲದು

ಉಡುಪಿ: ಪಿಯುಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ, ‘ಮುಂದೆ ಎಂತ ಮಾಡ್ತಿ?’ ಬಾಲಮಂದಿರದಲ್ಲಿ ಬೆಳೆದವರಿಗೆ ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ‘ಮುಂದೆ ಎಲ್ಲಿ ಇರ್ತಿ?’

18 ತುಂಬಿದ ದಿನದಿಂದ ಅವರು ಕಾನೂನಿನ ಲೆಕ್ಕದಲ್ಲಿ ಮಕ್ಕಳಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಅವರದ್ದಲ್ಲ. ಹಾಗಂತ ಸರ್ಕಾರ ಪೂರ್ತಿ ಕೈಬಿಟ್ಟಿದೆ ಅಂತಲೂ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇಂಥವರಿಗೆ ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ ಈ ಅನುಪಾಲನೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ಸಿಗಬಹುದು. ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಮಣಿಪಾಲದ ಕಡೆ ಆ ದುಡ್ಡಿಗೆ ರೂಮು ಸಿಕ್ಕಿದರೂ ಊಟಕ್ಕೆ ಎಷ್ಟು ಉಳಿದೀತು?

ಆದರೆ ದುಡ್ಡಿಗಿಂತ ದೊಡ್ಡ ತೊಡಕು ಬೇರೆ ಇದೆ.

ಬಾಗಿಲಲ್ಲೇ ನಿಲ್ಲಿಸುವ ಪ್ರಶ್ನೆ

ಪಿಜಿಗೆ ಹೋದರೆ ಅಡ್ವಾನ್ಸ್ ಜತೆ ‘ಅಪ್ಪ-ಅಮ್ಮನ ನಂಬರ್ ಕೊಡಿ’ ಅಂತಾರೆ. ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿದರೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಹೆತ್ತವರ ದಾಖಲೆಯೇ ಇಲ್ಲದವರು ಎಲ್ಲಿಂದ ತರಬೇಕು? ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ, ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಖಾಲಿಯಾದಾಗ ‘ಊರಿಗೆ ಹೋಗಿ’ ಎನ್ನುತ್ತಾರೆ. ಇವರಿಗೆ ಊರೇ ಬಾಲಮಂದಿರವಾಗಿತ್ತು.

ಉಳಿಯುವುದು ಹೋಟೆಲ್, ಅಂಗಡಿ ಕೆಲಸ. ಊಟ, ಮಲಗಲು ಜಾಗ ಎರಡೂ ಅಲ್ಲೇ. ಆದರೆ ಧಣಿಯ ಜತೆ ಒಂದು ಮಾತು ಹೆಚ್ಚುಕಮ್ಮಿಯಾದರೆ ಕೆಲಸ ಮತ್ತು ಸೂರು ಎರಡೂ ಒಂದೇ ರಾತ್ರಿಗೆ ಹೋಗುತ್ತವೆ.

ಹಾಗಾದರೆ ಬಾಡಿಗೆ ಕೊಡುವವರೆಲ್ಲ ಕಲ್ಲು ಹೃದಯದವರಾ? ಅಲ್ಲ. ಅವರ ಭಯವೂ ನ್ಯಾಯವೇ: ‘ರಾತ್ರಿ ಹುಷಾರು ತಪ್ಪಿದರೆ, ಪೊಲೀಸ್ ಬಂದರೆ, ಬಾಡಿಗೆ ನಿಂತರೆ ನಾನು ಯಾರಿಗೆ ಫೋನ್ ಮಾಡ್ಲಿ?’ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಬಾಗಿಲು ತೆರೆದಂತೆ. ಬೇರೆ ಸೇವೆಗಳ ಜತೆ ಕೈಜೋಡಿಸುವುದು ಸೂರು ಸಿಕ್ಕಿದ ಮೇಲೆ ಮಾಡುವ ಕೆಲಸವಲ್ಲ. ಸೂರು ಸಿಗಬೇಕಾದರೇ ಅದು ಬೇಕು.

ಎಲ್ಲವೂ ಇದೆ, ಬಿಡಿಬಿಡಿಯಾಗಿ

ನಮ್ಮ ಜಿಲ್ಲೆಯಲ್ಲಿ ಸೇವೆಗಳಿಗೆ ಬರ ಇಲ್ಲ. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಆದರೆ ತರಬೇತಿ ಮುಗಿದ ಮರುದಿನ ಎಲ್ಲಿಗೆ ಹೋಗುವುದು? ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ನಿಟ್ಟೂರಿನಲ್ಲಿ ರಾಜ್ಯ ಮಹಿಳಾ ನಿಲಯವಿದೆ. ಯುವನಿಧಿ ಮಾತ್ರ ಪದವಿ ಅಥವಾ ಡಿಪ್ಲೊಮಾ ಆದವರಿಗೆ. ಎಸ್ಸೆಸ್ಸೆಲ್ಸಿ, ಪಿಯುಸಿಗೆ ಹೊರಬಿದ್ದವರಿಗೆ ಇಲ್ಲ.

ಒಂದೊಂದು ಕಚೇರಿಯೂ ತನ್ನ ಪಾಲಿನ ಕೆಲಸ ಮಾಡುತ್ತಿರಬಹುದು. ಇವುಗಳ ನಡುವೆ ಓಡಾಡುವವನು ಮಾತ್ರ 18ರ ಹುಡುಗ, ಒಬ್ಬನೇ. ಗಮನಿಸಿ, ಮಾದರಿ ನಿಯಮಗಳು ಹೇಳುವುದೇ ಬೇರೆ: ಆರರಿಂದ ಎಂಟು ಮಂದಿಗೆ ತಾತ್ಕಾಲಿಕ ಗುಂಪು ವಸತಿ, ತರಬೇತಿ ವೇಳೆ ಸ್ಟೈಪೆಂಡ್, ಕೆಲಸಕ್ಕೆ ಹಚ್ಚುವುದು, ನಿರಂತರ ಸಂಪರ್ಕದಲ್ಲಿರುವ ಆಪ್ತಸಮಾಲೋಚಕ, ಸ್ವಉದ್ಯೋಗಕ್ಕೆ ಸಾಲದ ವ್ಯವಸ್ಥೆ. ಇದೆಲ್ಲ ಒಂದೇ ಪಟ್ಟಿಯಲ್ಲಿದೆ.

ಏನು ಮಾಡಬಹುದು?

ಒಂದು, ಕೆಲಸ 17ಕ್ಕೇ ಶುರುವಾಗಲಿ. ಆಧಾರ್ ವಿಳಾಸ, ಬ್ಯಾಂಕ್ ಖಾತೆ, ಪ್ರಮಾಣಪತ್ರ ಇವೆಲ್ಲ ಬಾಲಮಂದಿರದಲ್ಲಿ ಇರುವಾಗಲೇ ಆಗಬೇಕು. ಪ್ರತಿ ಮಗುವಿಗೂ ಇರಬೇಕಾದ ವೈಯಕ್ತಿಕ ಆರೈಕೆ ಯೋಜನೆಯಲ್ಲಿ ‘ಎಲ್ಲಿ ವಾಸ’ ಎಂಬುದೂ ಬರಲಿ.

ಎರಡು, ವಸತಿ ಕೊಡುವವರು ಮತ್ತು ಮಕ್ಕಳ ರಕ್ಷಣಾ ಘಟಕದ ನಡುವೆ ಒಂದು ಪುಟದ ಲಿಖಿತ ಒಪ್ಪಂದ ಸಾಕು. ರಾತ್ರಿ ಫೋನ್ ಎತ್ತುವವರು ಯಾರು, ಬಾಡಿಗೆ ತಡವಾದರೆ ಏನು, ತಿಂಗಳಿಗೊಮ್ಮೆ ಬಂದು ನೋಡುವವರು ಯಾರು. ಬರೀ ‘ಸಹಕಾರ ಕೊಡ್ತೇವೆ’ ಎಂಬ ಮಾತು ಸಾಲದು, ಹೆಸರು ಮತ್ತು ನಂಬರ್ ಇರಬೇಕು.

ಮೂರು, ಕೆಲಸ ಕೊಡುವವರೇ ಸೂರನ್ನೂ ಕೊಡುವ ಪದ್ಧತಿ ಆದಷ್ಟು ತಪ್ಪಲಿ. ಕೆಲಸ ಹೋದರೂ ಮಲಗುವ ಜಾಗ ಉಳಿಯಬೇಕು.

ನಾಲ್ಕು, ಎಲ್ಲರಿಗೂ ಎಲ್ಲ ಕತೆ ಬೇಡ. ಧಣಿಗೆ, ಪಿಜಿ ಮಾಲೀಕರಿಗೆ ಹುಡುಗಿಯ ಹಿನ್ನೆಲೆ ಪೂರ್ತಿ ಗೊತ್ತಾಗುವ ಅಗತ್ಯವಿಲ್ಲ. ಏನು ಹೇಳಬೇಕು ಅಂತ ಅವಳನ್ನೇ ಕೇಳಿ ಹೇಳಬೇಕು.

‘ಸಿಬ್ಬಂದಿ ಎಲ್ಲಿದ್ದಾರೆ?’ ಅಂತ ಕೇಳಬಹುದು. ಪ್ರಶ್ನೆ ಸರಿಯೇ. ಆದರೆ 2021ರ ತಿದ್ದುಪಡಿಯ ನಂತರ ಬಾಲನ್ಯಾಯ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯ ಹೊಣೆ ಹೆಚ್ಚಿದೆ. ವಸತಿ, ಉದ್ಯೋಗ, ಆರೋಗ್ಯ, ಕಾನೂನು ನೆರವು ಈ ನಾಲ್ಕು ಕಡೆಯವರನ್ನು ರಜತಾದ್ರಿಯಲ್ಲಿ ಒಂದೇ ಮೇಜಿಗೆ ಕೂರಿಸಲು ಹೊಸ ಯೋಜನೆ ಬೇಡ, ಹೊಸ ಕಟ್ಟಡವೂ ಬೇಡ.

ಈ ವರ್ಷ ಜಿಲ್ಲೆಯಲ್ಲಿ 18 ತುಂಬುವವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಮಲಗುವ ಜಾಗ ಗೊತ್ತಾಗಿದೆ? ಆ ಸಭೆ ಈ ಎರಡು ಲೆಕ್ಕಗಳಿಂದಲೇ ಶುರುವಾಗಲಿ.